"ನೀನು ಓದ್ಕೋ, ಮಿಕ್ಕಿದ್ದು ನಾವು ನೋಡ್ಕೋತೀವಿ" ಎನ್ನುವುದನ್ನು ನಿಲ್ಲಿಸೋಣ

ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿರುವ ಮನೆಯವರಲ್ಲಿ, ಅವರಿಗೆ ಪಾಠ ಹೇಳುವ ಮೇಷ್ಟ್ರುಗಳಲ್ಲಿ ಒಂದು ಮನವಿ

ತಂದೆ-ತಾಯಂದಿರೇ,

ಮಗ ಉಂಡ ತಟ್ಟೆ ಎತ್ತಲು ಹೋದರೆ "ಬಿಡಪ್ಪ, ನಾನು ತೊಳೀತೀನಿ, ನೀನು ಓದ್ಕೋ" ಅನ್ನುತ್ತೇವೆ. ಮಗಳು ಬ್ಯಾಂಕಿಗೆ ನಾನೂ ಬರುತ್ತೇನೆ ಎಂದರೆ "ಅದೆಲ್ಲ ನಿಮ್ಮಪ್ಪ ನೋಡ್ಕೋತಾರೆ, ಪರೀಕ್ಷೆ ಹತ್ತಿರ ಬಂತು" ಅನ್ನುತ್ತೇವೆ. ಅನ್ನುವುದು ಪ್ರೀತಿಯಿಂದಲೇ. ನಾವು ಪಟ್ಟ ಪಾಡು ಇವರಿಗೆ ಬೇಡ ಎಂಬ ಆಸೆಯಿಂದಲೇ. ಆದರೆ ಇದೇ ಮಾತು ಕೇಳಿ ಬೆಳೆದ ಮಗು ಪಿಯುಸಿ ಮುಗಿಸಿ, ಬಕೆಟ್ಟು ಹಾಸಿಗೆ ಕಟ್ಟಿಕೊಂಡು ಹುಬ್ಬಳ್ಳಿಗೋ ಮಂಗಳೂರಿಗೋ ಬೆಂಗಳೂರಿಗೋ ಹೊರಟಾಗ ಅದರ ಹತ್ತಿರ ಅಂಕಪಟ್ಟಿ ಬಿಟ್ಟರೆ ಬೇರೆ ಬಂಡವಾಳ ಇರುವುದಿಲ್ಲ. ಅನ್ನಕ್ಕೆ ನೀರೆಷ್ಟು ಇಡಬೇಕು ಗೊತ್ತಿಲ್ಲ. ರಾತ್ರಿ ಜ್ವರ ಏರಿದರೆ ಏನು ಮಾಡಬೇಕು ಗೊತ್ತಿಲ್ಲ. ಪಿಜಿಯವರು ಮುಂಗಡದಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ ಎಂದು ಬರೆದಿರುವ ಕಾಗದಕ್ಕೆ ಓದದೇ ಸಹಿ ಹಾಕಿರುತ್ತದೆ.

ಇದು ಸಣ್ಣ ವಿಷಯವಲ್ಲ. ಬದುಕಿನ ಕೆಲಸಗಳನ್ನು ಕಲಿಸದೆ ಮಕ್ಕಳನ್ನು ಹೊರಗೆ ಕಳಿಸುವುದು ಅವರಿಗೆ ಮಾಡುವ ಅನ್ಯಾಯ. ಹದಿನೆಂಟು ತುಂಬುವ ಮೊದಲೇ, ಗಂಡಿಗೂ ಹೆಣ್ಣಿಗೂ, ಮನೆಯಲ್ಲೇ ಕಲಿಸಬೇಕು ಎಂದು ಕೇಳಿಕೊಳ್ಳಲು ಈ ಕರಪತ್ರ ಹಂಚುತ್ತಿದ್ದೇವೆ.

ಯಾವ ಊರಿನ ಬ್ಯಾಂಕಿಗಾದರೂ ಹೋಗಿ ಅರ್ಧ ಗಂಟೆ ಕುಳಿತು ನೋಡಿ. ಡಿಗ್ರಿ ಓದುವ ಹುಡುಗನೊಬ್ಬ ಹಣ ಕಟ್ಟುವ ಚಲನ್ ಹಿಡಿದು ನಿಂತಿರುತ್ತಾನೆ. ಪೆನ್ನು ಪಕ್ಕದವರದು. ತಾರೀಖು ಬರೆಯುತ್ತಾನೆ. ಖಾತೆ ಸಂಖ್ಯೆಯನ್ನು ಫೋನಿನಿಂದ ನೋಡಿ ಒಂದೊಂದೇ ಅಂಕಿ ಇಳಿಸುತ್ತಾನೆ. "ಮೊತ್ತ, ಅಕ್ಷರಗಳಲ್ಲಿ" ಎಂಬ ಗೆರೆಗೆ ಬಂದಾಗ ಪೆನ್ನು ನಿಲ್ಲುತ್ತದೆ. ಚಲನ್ನಿನ ಫೋಟೋ ತೆಗೆದು ಊರಿನಲ್ಲಿರುವ ಅಪ್ಪನಿಗೆ ಕಳಿಸಿ, "ಇಲ್ಲಿ ಏನ್ ಬರೀಬೇಕು?" ಎಂದು ಕೇಳುತ್ತಾನೆ. ಅಪ್ಪ ಹೊಲದಲ್ಲಿದ್ದಾನೆ, ಉತ್ತರ ಬರುವುದಿಲ್ಲ. ಕೊನೆಗೆ ಪಿಂಚಣಿ ತೆಗೆಯಲು ಬಂದ ಅಜ್ಜನೊಬ್ಬರು ತೋರಿಸಿಕೊಡುತ್ತಾರೆ. ಆ ಹುಡುಗ ದಡ್ಡನಲ್ಲ. ಕಲನಶಾಸ್ತ್ರದ ಲೆಕ್ಕ ಕೊಟ್ಟರೆ ಬಿಡಿಸುತ್ತಾನೆ. ಅವನ ಕೈಗೆ ಯಾರೂ ಒಂದು ಚಲನ್ ಕೊಟ್ಟಿರಲಿಲ್ಲ, ಅಷ್ಟೇ.

"ಈಗಿನ ಮಕ್ಕಳಿಗೆ ಎಲ್ಲ ಗೊತ್ತು, ಫೋನಿನಲ್ಲಿ ಏನು ಬೇಕಾದರೂ ಮಾಡ್ತಾರೆ" ಎಂದು ನಾವು ಹೆಮ್ಮೆ ಪಡುತ್ತೇವೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ 2023ರಲ್ಲಿ ದೇಶದ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಿಗೆ ಹೋಗಿ, 14ರಿಂದ 18 ವರ್ಷದವರು ದಿನಬಳಕೆಯ ಕೆಲಸ ಹೇಗೆ ನಿಭಾಯಿಸುತ್ತಾರೆ ಎಂದು ನೋಡಿತು. 100ಕ್ಕೆ ಸುಮಾರು 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಬಳಸಲೂ ಬರುತ್ತಿತ್ತು. ಸ್ಕೇಲಿನ ಸೊನ್ನೆಗೆ ವಸ್ತುವಿನ ತುದಿ ಸರಿಯಾಗಿ ಇಟ್ಟುಕೊಟ್ಟರೆ 85ರಷ್ಟು ಮಕ್ಕಳು ಉದ್ದ ಹೇಳಿದರು. ಅದೇ ವಸ್ತುವನ್ನು ಸೊನ್ನೆಯಿಂದ ಸ್ವಲ್ಪ ಸರಿಸಿಟ್ಟಾಗ ಸರಿಯಾಗಿ ಹೇಳಿದವರು 39 ಮಾತ್ರ. ಕಳೆಯುವ ಲೆಕ್ಕವಾದರೂ ಬರುವ ಮಕ್ಕಳನ್ನು ಆರಿಸಿ, ಸಾಲ ತೆಗೆದರೆ ಬಡ್ಡಿ ಸೇರಿ ಎಷ್ಟು ತೀರಿಸಬೇಕು ಎಂದು ಕೇಳಿದಾಗ ಉತ್ತರ ಕೊಟ್ಟವರು 100ಕ್ಕೆ 10ರಷ್ಟು ಮಂದಿ.

ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ಯೋಚಿಸಿ. ಫೋನು ಬರುತ್ತದೆ, ಬಡ್ಡಿಯ ಲೆಕ್ಕ ಬರುವುದಿಲ್ಲ. ಫೋನಿನಲ್ಲೇ ಸಾಲ ಕೊಡುವ ಆ್ಯಪ್‌ಗಳಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಬೇಕೆ? ಒಂದು ವಾರದ ಸಾಲ ಎಂದು ಕೊಡುತ್ತಾರೆ, ಸೇವಾ ಶುಲ್ಕ ಎಂದು ಮೊದಲೇ ಮುರಿದುಕೊಳ್ಳುತ್ತಾರೆ, ಫೋನಿನಲ್ಲಿರುವ ನಂಬರುಗಳನ್ನೆಲ್ಲ ಎತ್ತಿಕೊಂಡು ಆಮೇಲೆ ಬಂಧುಬಳಗಕ್ಕೆಲ್ಲ ಕರೆಮಾಡಿ ಮರ್ಯಾದೆ ತೆಗೆಯುತ್ತಾರೆ. ಇನ್ನು ಕೆಲವರು ಕಾಲೇಜು ಹುಡುಗರ ಹತ್ತಿರ ಬಂದು, "ನಿನ್ನ ಖಾತೆ ಬಳಸಲು ಕೊಡು, ಕಮಿಷನ್ ಕೊಡ್ತೀವಿ" ಅನ್ನುತ್ತಾರೆ. ಆ ಖಾತೆಯಲ್ಲಿ ಓಡಾಡುವುದು ಯಾರನ್ನೋ ಮೋಸಮಾಡಿ ತಂದ ದುಡ್ಡು. ಪೊಲೀಸರು ಬಂದಾಗ ಸಿಗುವುದು ಹುಡುಗನ ಹೆಸರು, ಹುಡುಗನ ಆಧಾರ್.

ಇದನ್ನೆಲ್ಲ ತಪ್ಪಿಸಲು ಪಿಎಚ್‌ಡಿ ಬೇಕಿಲ್ಲ. ಬ್ಯಾಲೆನ್ಸ್ ನೋಡುವುದು ಬಿಟ್ಟರೆ, ಯುಪಿಐ ಪಿನ್ ಒತ್ತಿದ ಕೂಡಲೇ ನಮ್ಮ ದುಡ್ಡು ಹೋಗುತ್ತದೆ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. "ಡಿಜಿಟಲ್ ಅರೆಸ್ಟ್" ಎಂದು ವಿಡಿಯೋ ಕರೆಯಲ್ಲಿ ಪೊಲೀಸರ ಹೆಸರು ಹೇಳಿ ಹೆದರಿಸುತ್ತಾರೆ, ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಮೋಸವಾದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ದುಡ್ಡು ಕೈಮೀರಿ ಹೋಗುತ್ತದೆ. ಊಟಕ್ಕೆ ಕುಳಿತಾಗ ಹೇಳಿ ಮುಗಿಸಬಹುದಾದ ಮಾತುಗಳಿವು. ಎಷ್ಟು ಮನೆಗಳಲ್ಲಿ ಹೇಳಿದ್ದೇವೆ?

ಎಲ್ಲ ಮಕ್ಕಳೂ ಹೀಗೆ ಕೈಕೆಲಸ ಬಾರದೆ ಬೆಳೆಯುತ್ತಿದ್ದಾರೆ ಎಂದೇನೂ ಹೇಳುತ್ತಿಲ್ಲ. ಹಾಲು ಕರೆದು, ಮೇವು ಹಾಕಿ, ತಂಗಿಗೆ ಜಡೆ ಹೆಣೆದು ಶಾಲೆಗೆ ಓಡುವ ಹುಡುಗಿಯರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಹೊರೆ ಹೆಚ್ಚಾಗಿದೆ, ಇಳಿಸಬೇಕು. ಈ ಮಾತನ್ನು ನೆಪಮಾಡಿಕೊಂಡು ಅವರ ತಲೆಗೆ ಇನ್ನೊಂದು ಕೆಲಸ ಕಟ್ಟಬೇಡಿ. ನಮ್ಮ ನಿಜವಾದ ತಕರಾರು ಹಂಚಿಕೆಯ ಮೇಲಿದೆ. ಹೆಣ್ಣುಮಗುವಿಗೆ ಒಲೆ, ಪಾತ್ರೆ, ಕಸಪೊರಕೆ ಕಲಿಸಿ ಬ್ಯಾಂಕು, ಕಂದಾಯ, ಪಹಣಿ ಮುಚ್ಚಿಟ್ಟೆವು. ಗಂಡುಮಗುವಿಗೆ ಪೇಟೆ, ಬೈಕು ಕೊಟ್ಟು ಅಡುಗೆಮನೆಯ ಬಾಗಿಲು ಹಾಕಿದೆವು. ಹೀಗೆ ಇಬ್ಬರನ್ನೂ ಅರ್ಧರ್ಧ ಬೆಳೆಸಿ ಮದುವೆ ಮಾಡಿದರೆ ಸರಿಹೋಗುತ್ತದೆ ಎಂದುಕೊಂಡೆವು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, 6 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ 100ಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡಸರಲ್ಲಿ 26 ಮಂದಿ. ಕೆಲಸ ಮಾಡುವವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಗಂಡ ತೀರಿಕೊಂಡ ಮೇಲೆ ವಿಮೆಯ ಕಾಗದ ಎಲ್ಲಿದೆ ಎಂದು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆಯುವ ತಾಯಿಯನ್ನೂ, ಹೆಂಡತಿ ಆಸ್ಪತ್ರೆ ಸೇರಿದರೆ ಮೂರು ಹೊತ್ತೂ ಹೋಟೆಲಿನ ದಾರಿ ನೋಡುವ ಗಂಡನನ್ನೂ ನೀವೆಲ್ಲ ನೋಡಿದ್ದೀರಿ. ಅವರಿಬ್ಬರೂ ಹದಿನೈದರ ವಯಸ್ಸಿನಲ್ಲಿ ಕಲಿಯಬೇಕಾದದ್ದನ್ನು ಕಲಿಯದೆ ಉಳಿದವರು.

ಶಾಲೆಯಲ್ಲಿ ಇದಕ್ಕೆ ಜಾಗ ಇರಲಿಲ್ಲವೇ? ಇತ್ತು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿನ ತಿರುಳೇ ಕೈಕೆಲಸದ ಮೂಲಕ ಕಲಿಕೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯನ್ನು ಪುಸ್ತಕದಾಚೆಗೆ ತರಲು ಪ್ರಯೋಗ ಮಾಡಿದರು. ನಮ್ಮ ಶಾಲೆಗಳಲ್ಲಿ ಕೈತೋಟ, ಹೊಲಿಗೆ, ನೇಯ್ಗೆ, ಮರಗೆಲಸ ಹೇಳಿಕೊಡುವ ಕ್ರಾಫ್ಟ್ ಮೇಷ್ಟ್ರುಗಳಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗಿಲ್ಲದೆ ಕಸುಬುದಾರರ ಹತ್ತಿರ ಕಲಿಯುವ ಅವಕಾಶ ಇರಲಿ ಎಂದಿತು. ಕಾಗದದಲ್ಲಿ ಕೊರತೆಯಿಲ್ಲ. ಆದರೆ ಪರೀಕ್ಷೆ ಹತ್ತಿರ ಬಂದಾಗ ಕಾರ್ಯಾನುಭವದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡದ ಶಾಲೆ ಎಷ್ಟಿವೆ? ಅದನ್ನು ಬಿಟ್ಟುಕೊಡಿ ಎಂದು ಕೇಳಿದವರು ಪಾಲಕರ ಸಭೆಯಲ್ಲಿ ಕುಳಿತ ನಾವೇ.

ಮಕ್ಕಳ ಕೈಗೆ ಪೊರಕೆ ಕೊಟ್ಟರೆ ಗಲಾಟೆಯಾಗುತ್ತದೆ ಎಂದು ಮೇಷ್ಟ್ರುಗಳು ಅಂಜುತ್ತಾರೆ. ಆ ಅಂಜಿಕೆಗೆ ಕಾರಣವಿದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದನ್ನು ನಾಡು ನೋಡಿತು. ಅದು ಕಲಿಸುವುದಲ್ಲ, ಅಪರಾಧ. ಗುಂಡಿಗೆ ಯಾವ ಮಗುವನ್ನೂ ಇಳಿಸಕೂಡದು. ತರಗತಿ ಗುಡಿಸುವುದು, ತಟ್ಟೆ ತೊಳೆಯುವುದು ಸರದಿಯಂತೆ ಎಲ್ಲರ ಪಾಲಿಗೂ ಬರಬೇಕು, ಆ ಸರದಿಯಲ್ಲಿ ಮೇಷ್ಟ್ರೂ ಇರಬೇಕು. ಜಾತಿ ನೋಡಿ, ಹೆಣ್ಣು ನೋಡಿ ಕೆಲಸ ಹಚ್ಚುವ ಕಡೆ ಮಕ್ಕಳು ಕಲಿಯುವುದು ಅವಮಾನವನ್ನು ಮಾತ್ರ.

"ಬೇಕಾದಾಗ ಯೂಟ್ಯೂಬ್ ನೋಡಿ ಕಲೀತಾರೆ" ಎನ್ನುವವರಿಗೆ ಒಂದು ಪ್ರಶ್ನೆ. ಗ್ಯಾಸಿನ ವಾಸನೆ ಬಂದಾಗ ಫೋನು ತೆಗೆದು ವಿಡಿಯೋ ಹುಡುಕುವಷ್ಟು ಹೊತ್ತು ಇರುತ್ತದೆಯೇ? ಲೈಟಿನ ಸ್ವಿಚ್ ಮುಟ್ಟಬಾರದು, ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಇದು ತಲೆಯಲ್ಲಿ ಮಾತ್ರ ಇದ್ದರೆ ಸಾಲದು, ಕೈಗೇ ಬಂದಿರಬೇಕು. ಮುಂದಿನ ಸಲ ಸಿಲಿಂಡರ್ ಬಂದಾಗ ಮಗನನ್ನೂ ಮಗಳನ್ನೂ ಕರೆದು ತೋರಿಸಿ. ಮೇಲಿನ ಹಿಡಿಗೆ ಆಧಾರವಾಗಿ ನಿಂತ ಪಟ್ಟಿಯ ಒಳಮೈಯಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿಗಳಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಸಿ-29 ಎಂದಿದ್ದರೆ 2029ರ ಸೆಪ್ಟೆಂಬರಿನೊಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು. ಅವಧಿ ಮೀರಿದ್ದನ್ನು ಕೊಟ್ಟರೆ ವಾಪಸು ಕಳಿಸುವ ಹಕ್ಕು ನಮ್ಮದು. ಸೀಲು ತೆಗೆಸಿ, ವಾಷರ್ ನೋಡಿಸಿ, ರೆಗ್ಯುಲೇಟರನ್ನು ಅವರ ಕೈಯಿಂದಲೇ ಕೂರಿಸಿ. ಮೊದಲ ಸಲ ಹೆದರುತ್ತಾರೆ. ಪಕ್ಕದಲ್ಲಿ ನಿಂತಿರಿ.

ದುಡ್ಡಿನ ವಿಷಯಕ್ಕೆ ಬರೋಣ, ಏಕೆಂದರೆ ನಾವು ಅತಿ ಹೆಚ್ಚು ಮುಚ್ಚಿಡುವುದು ಅದನ್ನೇ. "ಸಾಲದ ಮಾತು ಮಕ್ಕಳ ಕಿವಿಗೆ ಬೀಳಬಾರದು" ಎನ್ನುತ್ತೇವೆ. ಅಮ್ಮನ ಬಳೆ ಬ್ಯಾಂಕಿನಲ್ಲಿ ಅಡವಿದೆ ಎಂದು ತಿಳಿಯದ ಮಗ ಬೈಕಿಗೆ ಹಟ ಹಿಡಿದರೆ ತಪ್ಪು ಯಾರದು? ಹತ್ತನೆಯ ತರಗತಿ ಮುಗಿದ ಮಗುವಿನ ಮುಂದೆ ಮನೆಯ ಲೆಕ್ಕ ಬಿಚ್ಚಿಡಿ. ತಿಂಗಳಿಗೆ ಬರುವುದೆಷ್ಟು, ಹಾಲಿಗೆಷ್ಟು, ದಿನಸಿಗೆಷ್ಟು, ಸ್ತ್ರೀಶಕ್ತಿ ಸಂಘದ ಕಂತೆಷ್ಟು, ಚೀಟಿಗೆ ಕಟ್ಟುವುದೆಷ್ಟು. ಚಿನ್ನದ ಸಾಲದ ರಸೀದಿ ಕೈಗೆ ಕೊಟ್ಟು ವರ್ಷಕ್ಕೆ ಬಡ್ಡಿ ಎಷ್ಟಾಯಿತು ಎಂದು ಅವರಿಂದಲೇ ಲೆಕ್ಕ ಮಾಡಿಸಿ. ಕರೆಂಟಿನ ಬಿಲ್ಲು ಓದಿಸಿ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಮೇಲೆ ಬಿಲ್ಲು ಸೊನ್ನೆಯೆಂದು ನೋಡದೆ ಮೂಲೆಗೆ ಹಾಕುವ ಮನೆಗಳಿವೆ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು ಎಂಬುದು ಆ ಮಗುವಿಗೆ ಗೊತ್ತಾದರೆ ಫ್ಯಾನು ಆರಿಸಿ ಎಂದು ನೀವು ಕೂಗಬೇಕಾಗಿಲ್ಲ. ಆಮೇಲೆ ಒಂದು ತಿಂಗಳು ಮನೆಖರ್ಚನ್ನು ಅವರ ಕೈಗೇ ಕೊಟ್ಟು ನೋಡಿ. 20ನೇ ತಾರೀಖಿಗೇ ದುಡ್ಡು ಮುಗಿಯಬಹುದು. ಮುಗಿಯಲಿ. ಆ ಹತ್ತು ದಿನ ಮನೆಯಲ್ಲಿ, ನಿಮ್ಮ ಕಣ್ಣೆದುರಿಗೆ ಕಳೆಯುವುದು, ಪರಊರಿನಲ್ಲಿ ಒಬ್ಬರೇ ಕಳೆಯುವುದಕ್ಕಿಂತ ಸಾವಿರ ಪಾಲು ಮೇಲು. 10 ವರ್ಷ ದಾಟಿದ ಮಗು ತನ್ನ ಹೆಸರಿನ ಉಳಿತಾಯ ಖಾತೆಯನ್ನು ತಾನೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ನಾವು ಡಿಗ್ರಿ ಓದುವ ಮಗಳ ಎಟಿಎಂ ಕಾರ್ಡನ್ನೂ ಅಪ್ಪನ ಜೇಬಿನಲ್ಲಿ ಇಟ್ಟಿದ್ದೇವೆ.

ಅಡುಗೆಯ ವಿಷಯದಲ್ಲಿ ಹಬ್ಬದೂಟ ಕಲಿಸಿ ಎಂದು ಕೇಳುತ್ತಿಲ್ಲ. ಅನ್ನ, ಸಾರು, ಒಂದು ಪಲ್ಯ, ಉಪ್ಪಿಟ್ಟು, ನಮ್ಮ ಕಡೆಯ ಮುದ್ದೆಯೋ ರೊಟ್ಟಿಯೋ ಬಂದರೆ ಯಾವ ಊರಿನಲ್ಲೂ ಹೊಟ್ಟೆಗೆ ಮೋಸವಿಲ್ಲ. ವಾಂತಿ-ಭೇದಿಯಾದಾಗ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಮಟ್ಟವಾಗಿ ಅಳೆದು ಹಾಕಿ ಕುಡಿಯುವುದು, ಸುಧಾರಿಸದಿದ್ದರೆ ಡಾಕ್ಟರ ಹತ್ತಿರ ಹೋಗುವುದು ಗೊತ್ತಿರಲಿ. ಬಟ್ಟೆಗೆ ಗುಂಡಿ ಹಾಕುವುದು, ಕಿತ್ತ ಚಪ್ಪಲಿ ಹೊಲಿಸುವುದು, ಇವು ಒಂದು ಮಧ್ಯಾಹ್ನದ ಕೆಲಸ.

ಹೊತ್ತಿಲ್ಲ ಎನ್ನಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ಶುರುವಾಗುವವರೆಗೆ ಬಿಡುವಿದೆ. ಆ ಬಿಡುವನ್ನೂ ಈಗ ಬ್ರಿಡ್ಜ್ ಕೋರ್ಸ್ ಎಂದು ಕೋಚಿಂಗ್ ಸೆಂಟರುಗಳು ನುಂಗುತ್ತಿವೆ. ಒಂದು ಬೇಸಿಗೆಯನ್ನು ಮನೆಗೆ ಉಳಿಸಿಕೊಂಡರೆ ಯಾವ ಸೀಟೂ ತಪ್ಪಿಹೋಗುವುದಿಲ್ಲ.

ಕಾಲೇಜಿನವರಲ್ಲಿ ಕೇಳುವುದು ಇಷ್ಟು: ವಾರಕ್ಕೆ ಒಂದು ಪೀರಿಯಡ್ ಇದಕ್ಕೆ ಬಿಡಿ, ಪರೀಕ್ಷೆ ಬಂದರೂ ಕಿತ್ತುಕೊಳ್ಳಬೇಡಿ. ಊರಿನ ಲೈನ್‌ಮನ್ನನ್ನು ಕರೆಸಿ ಫ್ಯೂಸ್ ಏಕೆ ಹೋಗುತ್ತದೆ, ಅರ್ಥಿಂಗ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಹೇಳಿಸಿ. ಬ್ಯಾಂಕಿನ ಮ್ಯಾನೇಜರ್, ಆಶಾ ಕಾರ್ಯಕರ್ತೆ, ಠಾಣೆಯ ಸಿಬ್ಬಂದಿ ಕರೆದರೆ ಬರುತ್ತಾರೆ. 17 ತುಂಬಿದವರಿಂದ ಮತದಾರರ ಪಟ್ಟಿಯ ನಮೂನೆ 6ನ್ನು ತರಗತಿಯಲ್ಲೇ ತುಂಬಿಸಿ; ಮುಂಗಡವಾಗಿ ಅರ್ಜಿ ಹಾಕಲು ಅವಕಾಶವಿದೆ. ಬಾಡಿಗೆ ಕರಾರಿನ ಒಂದು ಪ್ರತಿ, ಸಂಬಳ ಚೀಟಿಯ ಒಂದು ಪ್ರತಿ ತಂದು ಸಾಲು ಸಾಲಾಗಿ ಓದಿಸಿ. ಪಿಎಫ್ ಎಂದು ಮುರಿದುಕೊಂಡದ್ದು ತಮ್ಮದೇ ದುಡ್ಡು ಎಂದು ತಿಳಿಯದೆ ಕೆಲಸ ಬಿಟ್ಟು ಬಂದವರು ಬಹಳ.

ಮಕ್ಕಳೇ, ಈ ಕಾಗದ ನಿಮ್ಮ ಕೈಗೂ ಬಂದಿದ್ದರೆ, ಮನೆಯಲ್ಲಿ ಹೇಳಿಕೊಡಲಿ ಎಂದು ಕಾಯಬೇಡಿ. "ಅಮ್ಮಾ, ಈ ಭಾನುವಾರ ಬೆಳಗಿನ ತಿಂಡಿ ನನ್ನದು, ನೀನು ಸುಮ್ಮನೆ ಕೂತು ಹೇಳು" ಅನ್ನಿ. "ಅಪ್ಪಾ, ನಾಳೆ ಬ್ಯಾಂಕಿಗೆ ನಾನು ಬರ್ತೀನಿ, ಚಲನ್ ನಾನೇ ಬರೀತೀನಿ" ಅನ್ನಿ.

(ಈ ಕರಪತ್ರವನ್ನು ಯಾರು ಬೇಕಾದರೂ ಮರುಮುದ್ರಿಸಿ ಹಂಚಬಹುದು. ಅಂಗಡಿ, ಬಸ್ ನಿಲ್ದಾಣ, ಹಾಲಿನ ಡೇರಿಗಳಲ್ಲಿ ಅಂಟಿಸಿ.)