ಹೆಸರಿಲ್ಲದೆ ಮಡಿದವರು ಮತ್ತು ನಮ್ಮ ಹೊಣೆ

ಒಂದು ಯುದ್ಧ ಮುಗಿದಿತ್ತು. ನಮ್ಮವರಲ್ಲಿ ಯಾರು ಕಾಣುತ್ತಿಲ್ಲವೆಂದು ಪ್ರವಾದಿ ಮುಹಮ್ಮದ್(ಸ) ಅನುಚರರನ್ನು ವಿಚಾರಿಸಿದರು. ಅವರು ಕೆಲವರ ಹೆಸರು ಹೇಳಿದರು. ಎರಡನೆಯ ಸಲ ವಿಚಾರಿಸಿದಾಗ ಮತ್ತೆ ಕೆಲವು ಹೆಸರುಗಳು ಬಂದವು. ಮೂರನೆಯ ಸಲ, ಇನ್ನಾರೂ ಇಲ್ಲವೆಂಬ ಉತ್ತರ ಬಂತು. ಆಗ ಪ್ರವಾದಿವರ್ಯರು(ಸ) ತಮಗೆ ಜುಲೈಬೀಬ್(ರ) ಕಾಣುತ್ತಿಲ್ಲವೆಂದು ತಿಳಿಸಿ, ಅವರನ್ನು ಹುಡುಕುವಂತೆ ಹೇಳಿದರು. ಶತ್ರುಗಳ ಏಳು ಶವಗಳ ಪಕ್ಕದಲ್ಲಿ ಅವರ ಶರೀರ ಸಿಕ್ಕಿತು. ಪ್ರವಾದಿವರ್ಯರು(ಸ) ಅದನ್ನು ತಮ್ಮ ತೋಳುಗಳಲ್ಲೇ ಎತ್ತಿಕೊಂಡರು. ಕಬರ್ ತೋಡುವ ತನಕ ಆ ತೋಳುಗಳ ಹೊರತು ಜುಲೈಬೀಬರಿಗೆ ಬೇರೆ ಮಂಚವಿರಲಿಲ್ಲವೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ.

ಜುಲೈಬೀಬ್(ರ) ಸಿರಿವಂತರಲ್ಲ, ದೊಡ್ಡ ಗೋತ್ರದ ನಾಯಕರೂ ಅಲ್ಲ. ಹೆಣ್ಣು ಕೊಡಲೂ ಜನರು ಹಿಂಜರಿಯುತ್ತಿದ್ದ ಬಡ ವ್ಯಕ್ತಿ. ಹೆಸರಾಂತರನ್ನು ಎಣಿಸಿ ಮುಗಿಸಿದ ಜನರಿಗೆ ಅವರ ನೆನಪು ಬರಲಿಲ್ಲ. ಅಲ್ಲಾಹನ ಸಂದೇಶವಾಹಕರಿಗೆ(ಸ) ಬಂತು. ಯುದ್ಧದಲ್ಲಿ ಮಡಿದ ಸಾಮಾನ್ಯ ಮನುಷ್ಯನ ಸ್ಮರಣೆಯ ಬಗ್ಗೆ ನಮ್ಮ ಧರ್ಮಕ್ಕೆ ಏನು ಹೇಳಲಿದೆ ಎಂದು ಕೇಳುವವರು ಈ ಘಟನೆಯಿಂದಲೇ ಆರಂಭಿಸಬೇಕು.

ನಮ್ಮ ಕಡೂರು ಸೀಮೆಗೆ ಈ ಪ್ರಶ್ನೆ ಹೊಸತಲ್ಲ. ದೇವನೂರು ಎಂದೊಡನೆ ಕನ್ನಡ ಓದಿದವರಿಗೆ ನೆನಪಾಗುವವನು ಕವಿ ಲಕ್ಷ್ಮೀಶ. ಅವನ ಜೈಮಿನಿ ಭಾರತ ಕುರುಕ್ಷೇತ್ರದ ಕಾಳಗ ಮುಗಿದ ಬಳಿಕದ ಕಥೆ. ಗೆದ್ದ ಧರ್ಮರಾಯನಿಗೆ ಗೆಲುವಿನ ಸಂತೋಷವಿಲ್ಲ, ಬಂಧುಗಳನ್ನು ಕೊಂದ ದುಃಖವಿದೆ. ಆ ದೋಷದ ಪರಿಹಾರಕ್ಕಾಗಿ ಅಶ್ವಮೇಧ ನಡೆಯುತ್ತದೆ. ಯುದ್ಧದ ಲೆಕ್ಕ ರಣರಂಗದಲ್ಲೇ ಮುಗಿಯುವುದಿಲ್ಲವೆಂಬ ತಿಳಿವಳಿಕೆ ಈ ಮಣ್ಣಿನ ಕಾವ್ಯದಲ್ಲಿದೆ.

ಈ ಮಣ್ಣಿನ ಕಲ್ಲುಗಳಲ್ಲಿಯೂ ಅದಿದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ 1901ರಲ್ಲಿ ಪ್ರಕಟವಾಯಿತು. ಅದು ಅಂದಿನ ಕಡೂರು ಜಿಲ್ಲೆಯ ಶಾಸನಗಳ ಸಂಪುಟ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ ನಿಂತಿರುವ ವೀರಗಲ್ಲುಗಳನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ. ಇವೆಲ್ಲ ಅರಸರ ಸ್ಮಾರಕಗಳಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಕಲ್ಲಿದೆ, ಹೆಣ್ಣುಮಕ್ಕಳ ಮೊರೆ ಕೇಳಿ ಓಡಿಬಂದು ಮಡಿದವನ ಕಲ್ಲಿದೆ, ಊರಳಿವಿನಲ್ಲಿ ಬಿದ್ದವನ ಕಲ್ಲಿದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಕಲ್ಲು ನಿಲ್ಲಿಸಿದರು. ಅದು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ವೀರಗಲ್ಲಿನ ಮೇಲಣ ಸ್ವರ್ಗದ ಚಿತ್ರಗಳು ನಮ್ಮ ವಿಶ್ವಾಸದ ಭಾಗವಲ್ಲ. ಆದರೆ ಆ ಶಾಸನಗಳ ಒಂದು ಪದವನ್ನು ಪ್ರತಿಯೊಬ್ಬ ಮುಸ್ಲಿಮನೂ ಗಮನಿಸಬೇಕು: ನೆತ್ತರುಗೊಡಗೆ. ಊರಿಗಾಗಿ ನೆತ್ತರು ಚೆಲ್ಲಿದವನ ಮನೆಯವರ ಜೀವನೋಪಾಯಕ್ಕೆ ಬಿಟ್ಟುಕೊಡುತ್ತಿದ್ದ ಭೂಮಿ ಅದು. ಸತ್ತವನ ಹೆಸರು ಕಲ್ಲಿನಲ್ಲಿ, ಅವನ ಮಕ್ಕಳ ಅನ್ನ ಹೊಲದಲ್ಲಿ. ಇವೆರಡೂ ಸೇರಿ ಅಂದಿನವರಿಗೆ ಸ್ಮರಣೆ ಎನಿಸುತ್ತಿತ್ತು.

ಕಾಲ ಸರಿದಂತೆ ಯುದ್ಧಗಳು ದೊಡ್ಡವಾದವು, ಸಾಮಾನ್ಯನ ಹೆಸರು ಸಣ್ಣದಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಟಿಪ್ಪು ಸುಲ್ತಾನರೊಡನೆ ಮೈಸೂರಿನ ಸಾವಿರಾರು ಮಂದಿ ಮಡಿದರು. ಸುಲ್ತಾನರಿಗೆ ಗುಂಬಜ್ ಇದೆ. ದಾಳಿ ಮಾಡಿದ ಕಡೆಯಲ್ಲಿ ಮಡಿದ ಇಂಗ್ಲಿಷ್ ಅಧಿಕಾರಿಗಳ ನೆನಪಿಗೆ 1907ರಲ್ಲಿ ಮೈಸೂರು ಸರಕಾರವೇ ಸ್ತಂಭ ನಿಲ್ಲಿಸಿತು. ಕೋಟೆಯ ಒಡಕಿನಲ್ಲಿ ನಿಂತು ಸತ್ತ ಸಿಪಾಯಿಗಳಿಗೆ, ನೀರು ಹೊರುತ್ತಿದ್ದ ಭಿಸ್ತಿಗಳಿಗೆ, ಮದ್ದುಗುಂಡು ಸಾಗಿಸಿದ ಕೂಲಿಯಾಳುಗಳಿಗೆ ಹೆಸರಿನ ಕಲ್ಲಿಲ್ಲ.

ಮೊದಲನೆಯ ಮಹಾಯುದ್ಧಕ್ಕೆ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಸವಾರರ ದಳ 1914ರಲ್ಲಿ ಈಜಿಪ್ಟಿಗೆ ಹೊರಟಿತು. ಅದರಲ್ಲಿ ಮುಸ್ಲಿಮರೂ ಮರಾಠರೂ ಅರಸು ಮನೆತನದವರೂ ಇದ್ದರು. ಸೂಯೆಜ್ ಕಾಲುವೆಯಿಂದ ಗಾಝಾದ ಮರಳನ್ನು ದಾಟಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ದಾಳಿಯಲ್ಲಿ ಅವರು ಜೋಧಪುರದವರೊಡನೆ ಭಾಗವಹಿಸಿದರು. ಆ ದಳದ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಮೈಸೂರು, ಜೋಧಪುರ, ಹೈದರಾಬಾದ್ ಈ ಮೂರು ಸಂಸ್ಥಾನಗಳ ಸವಾರರ ನೆನಪಿಗೆ ದೆಹಲಿಯಲ್ಲಿ 1922ರಲ್ಲಿ ನಿಂತ ಮೂರು ಮೂರ್ತಿಗಳಿಂದಲೇ ತೀನ್ ಮೂರ್ತಿಗೆ ಆ ಹೆಸರು ಬಂತು.

ದೂರದ ಕಲ್ಲುಗಳ ಪಾಡನ್ನೂ ನೋಡೋಣ. ಈಜಿಪ್ಟ್ ಮತ್ತು ಫೆಲೆಸ್ತೀನ್‌ಗಳಲ್ಲಿ ಮಡಿದ ಸುಮಾರು 4,000 ಭಾರತೀಯ ಸೈನಿಕರಿಗಾಗಿ 1926ರಲ್ಲಿ ಸೂಯೆಜ್ ಬಳಿಯ ಪೋರ್ಟ್ ತೌಫೀಕ್‌ನಲ್ಲಿ ಸ್ಮಾರಕ ಅನಾವರಣಗೊಂಡಿತು. 1967ರ ನಂತರದ ಈಜಿಪ್ಟ್-ಇಸ್ರೇಲ್ ಕದನಗಳಲ್ಲಿ ಆ ಸ್ಮಾರಕವೇ ಗುಂಡೇಟಿಗೆ ಜರ್ಝರಿತವಾಗಿ, ಕೊನೆಗೆ ಅದನ್ನು ಕೆಡವಬೇಕಾಯಿತು. 1980ರಲ್ಲಿ ಆ ಹೆಸರುಗಳನ್ನು ಕೈರೋದ ಹೀಲಿಯೊಪೊಲಿಸ್‌ಗೆ ಒಯ್ದರು. ಇರಾಕಿನ ಬಸ್ರಾ ಸ್ಮಾರಕ 40 ಸಾವಿರಕ್ಕೂ ಹೆಚ್ಚು ಮಂದಿಯದು. ಅಲ್ಲಿ ಅಧಿಕಾರಿಗಳ ಹೆಸರು ಕೆತ್ತಲ್ಪಟ್ಟಿತು. ಭಾರತದ ಸಾಮಾನ್ಯ ಸೈನಿಕರು ಮಾತ್ರ ತಮ್ಮ ತಮ್ಮ ದಳದ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ಉಳಿದರು. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು 2021ರಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಯಾಚಿಸಿತು. ಅಷ್ಟರಲ್ಲಿ ಆ ಹೆಸರುಗಳನ್ನು ಬಲ್ಲ ತಾಯಂದಿರು, ವಿಧವೆಯರು, ಮಕ್ಕಳು ಎಲ್ಲರೂ ತೀರಿಹೋಗಿದ್ದರು.

ಇಲ್ಲಿ ನಮ್ಮ ಸಮುದಾಯದಲ್ಲಿ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಅವು ಅಲ್ಲಗಳೆಯತಕ್ಕವಲ್ಲ, ಉತ್ತರಿಸತಕ್ಕವು.

ಮೊದಲನೆಯದು: ಸ್ಮಾರಕ, ಸ್ಮರಣಿಕೆ ಎಂದು ಹೊರಟರೆ ಅದು ಕಬರ್ ಆರಾಧನೆಯ ಕಡೆಗೆ ಒಯ್ಯುವುದಿಲ್ಲವೇ? ಈ ಭಯಕ್ಕೆ ಆಧಾರವಿದೆ. ಕಬರಿಗೆ ಗಾರೆ ಬಳಿಯುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ಪ್ರವಾದಿವರ್ಯರು(ಸ) ತಡೆದಿದ್ದಾರೆ. ಆದರೆ ಅದೇ ಪ್ರವಾದಿವರ್ಯರು(ಸ) ಉಸ್ಮಾನ್ ಬಿನ್ ಮಝ್‌ಊನ್(ರ) ಅವರ ದಫನ್ ಆದಾಗ ಒಂದು ಕಲ್ಲು ತರಲು ಹೇಳಿದರು. ಹೋದವರಿಂದ ಅದನ್ನು ಎತ್ತಲಾಗಲಿಲ್ಲ. ತಾವೇ ತೋಳು ಮಡಚಿ ಅದನ್ನು ಹೊತ್ತು ತಂದು ಕಬರಿನ ತಲೆಯ ಬಳಿ ಇಟ್ಟರು. ತಮ್ಮ ಸಹೋದರನ ಕಬರನ್ನು ಗುರುತಿಸಲು, ತಮ್ಮ ಮನೆಯವರಲ್ಲಿ ತೀರಿಕೊಂಡವರನ್ನು ಅವರ ಪಕ್ಕದಲ್ಲಿ ಮಣ್ಣು ಮಾಡಲು ಅದು ನೆರವಾಗುವುದೆಂದು ಕಾರಣ ತಿಳಿಸಿದರು. ಇದು ಅಬೂದಾವೂದ್‌ನಲ್ಲಿದೆ. ಪೂಜೆಗೆ ಕಲ್ಲು ಬೇಡ; ಗುರುತಿಗೆ ಕಲ್ಲು ಬೇಕು. ಈ ಗೆರೆಯನ್ನು ಪ್ರವಾದಿವರ್ಯರೇ(ಸ) ಎಳೆದು ತೋರಿಸಿದ್ದಾರೆ.

ಸ್ಮರಣಿಕೆಯ ವಿಷಯವೂ ಹಾಗೆಯೇ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕ ಪತಿಯನ್ನು ಬಿಡಿಸಿಕೊಳ್ಳಲು ಪ್ರವಾದಿಪುತ್ರಿ ಝೈನಬ್(ರ) ಮಕ್ಕಾದಿಂದ ಒಂದು ಕಂಠಹಾರ ಕಳುಹಿಸಿದರು. ಅದು ತೀರಿಹೋದ ತಾಯಿ ಖದೀಜಾ(ರ) ಮದುವೆಯಲ್ಲಿ ಮಗಳಿಗೆ ಕೊಟ್ಟದ್ದು. ಹಾರವನ್ನು ಕಂಡೊಡನೆ ಪ್ರವಾದಿವರ್ಯರ(ಸ) ಹೃದಯ ಕರಗಿತು. ಒಪ್ಪಿಗೆಯಿದ್ದರೆ ಸೆರೆಯಾಳನ್ನು ಬಿಟ್ಟು ಹಾರವನ್ನೂ ಹಿಂದಿರುಗಿಸುವಂತೆ ಅನುಚರರನ್ನು ಕೇಳಿಕೊಂಡರು. ಅಗಲಿದವರ ಒಂದು ವಸ್ತುವನ್ನು ಕಂಡು ಮನ ಮಿಡಿಯುವುದು ಶಿರ್ಕ್ ಅಲ್ಲ. ಅದು ಮನುಷ್ಯತ್ವ.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದದ್ದು. ಅದು ಯಾರ ಯುದ್ಧ? ಹೈಫಾದಲ್ಲಿ ಎದುರಿಗೆ ನಿಂತಿದ್ದುದು ಉಸ್ಮಾನೀ ಖಿಲಾಫತ್ತಿನ ಸೇನೆ. ಇಂಗ್ಲಿಷರ ಸಾಮ್ರಾಜ್ಯಕ್ಕಾಗಿ ಪರದೇಶದಲ್ಲಿ ಹೋರಾಡಿದ ನಮ್ಮವರನ್ನು ಏನೆಂದು ಸ್ಮರಿಸುವುದು? ಶಹೀದ್ ಎನ್ನುವುದೇ? ಆ ತೀರ್ಪು ನಮ್ಮ ಕೈಯಲ್ಲಿಲ್ಲ; ನಿಯ್ಯತ್ತನ್ನು ಬಲ್ಲವನು ಅಲ್ಲಾಹನೊಬ್ಬನೇ. ಸಂಬಳಕ್ಕಾಗಿ ಹೋದವರಿರಬಹುದು, ಬರಗಾಲಕ್ಕೆ ಅಂಜಿ ಹೋದವರಿರಬಹುದು, ಸಂಸ್ಥಾನದ ಅಪ್ಪಣೆಗೆ ತಲೆಬಾಗಿ ಹೋದವರಿರಬಹುದು. ಒಬ್ಬನನ್ನು ಸ್ಮರಿಸುವುದೆಂದರೆ ಅವನನ್ನು ಕಳುಹಿಸಿದವರ ಯುದ್ಧವನ್ನು ಹೊಗಳುವುದಲ್ಲ. ಹೆಸರುಗಳನ್ನು ಬದಿಗಿಟ್ಟು ಗೆಲುವನ್ನಷ್ಟೇ ಕೊಂಡಾಡುವಲ್ಲಿ ಯುದ್ಧ ಸುಲಭವಾಗಿ ಕಾಣುತ್ತದೆ. ಇಂಥ ಬೀದಿಯ ಇಂಥವರ ಮಗ ಹಿಂದಿರುಗಲಿಲ್ಲ, ಅವನ ತಾಯಿ ಸಾಯುವ ತನಕ ಬಾಗಿಲು ನೋಡುತ್ತಿದ್ದಳು ಎಂದು ತಿಳಿದ ಮಕ್ಕಳು ಯುದ್ಧದ ಮಾತನ್ನು ಹಗುರವಾಗಿ ಆಡಲಾರರು.

ನಹಾವಂದ್ ಕದನದ ಸುದ್ದಿ ತಂದ ದೂತ ಪ್ರಮುಖರ ಹೆಸರು ಹೇಳಿ, ಉಳಿದವರು ತಮಗೆ ಪರಿಚಯವಿಲ್ಲದ ಜನರೆಂದಾಗ ಖಲೀಫಾ ಉಮರ್(ರ) ಅತ್ತರು. ಉಮರ್ ಅರಿಯದಿದ್ದರೂ ಅಲ್ಲಾಹನು ಅವರನ್ನು ಅರಿತಿದ್ದಾನೆ ಎಂಬರ್ಥದ ಮಾತನ್ನಾಡಿದರು ಎಂದು ಇತಿಹಾಸಕಾರರು ಬರೆದಿದ್ದಾರೆ. ಅಲ್ಲಾಹನು ಅರಿತಿದ್ದಾನೆಂದ ಮೇಲೆ ನಾವೇಕೆ ಬರೆದಿಡಬೇಕು ಎಂದು ಕೆಲವರು ಕೇಳುತ್ತಾರೆ. ಸತ್ತವರಿಗೆ ನಮ್ಮ ಬರಹದ ಅಗತ್ಯವಿಲ್ಲ, ನಿಜ. ಅಗತ್ಯವಿರುವುದು ಬದುಕಿರುವವರಿಗೆ. ಹೆಸರು ಮರೆತವರಿಗೆ ದುಆದಲ್ಲಿ ಯಾರನ್ನು ನೆನೆಯಬೇಕೆಂದು ತಿಳಿಯದು. ಹೆಸರು ಮರೆತ ಊರಿಗೆ ಯಾವ ಮನೆಯ ಮಕ್ಕಳು ಯತೀಮರೆಂದು ತಿಳಿಯದು.

ಪ್ರವಾದಿವರ್ಯರ(ಸ) ಸ್ಮರಣೆ ಸದಾ ಬದುಕಿರುವವರ ಕಡೆಗೆ ಹರಿಯುತ್ತಿತ್ತು. ಮೂತಾ ಯುದ್ಧದಲ್ಲಿ ಜಅಫರ್(ರ) ಮಡಿದ ಸುದ್ದಿ ಬಂದಾಗ ಅವರ ಮನೆಯವರಿಗೆ ಅಡಿಗೆ ಮಾಡಿ ಕಳುಹಿಸಲು ಹೇಳಿದರು. ಉಹುದ್‌ನಲ್ಲಿ ಮಡಿದ ಅಬ್ದುಲ್ಲಾ ಬಿನ್ ಅಮ್ರ್(ರ) ಅವರು ಸಾಲವನ್ನೂ ಹಲವು ಹೆಣ್ಣುಮಕ್ಕಳನ್ನೂ ಬಿಟ್ಟುಹೋಗಿದ್ದರು. ಅವರ ಮಗ ಜಾಬಿರ್(ರ) ಚಿಂತೆಗೆ ಬಿದ್ದಾಗ ಪ್ರವಾದಿವರ್ಯರು(ಸ) ಖುದ್ದಾಗಿ ಖರ್ಜೂರದ ರಾಶಿಯ ಬಳಿ ಕುಳಿತು ಸಾಲಗಾರರ ಲೆಕ್ಕ ತೀರಿಸಿಕೊಟ್ಟರು. ನಮ್ಮ ಸೀಮೆಯ ಹಿರಿಯರು ಇದನ್ನು ಕೇಳಿದ್ದರೆ ನೆತ್ತರುಗೊಡಗೆ ಎಂದೇ ಕರೆಯುತ್ತಿದ್ದರೇನೋ.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಸ್ಮಾರಕಗಳನ್ನು ಕಟ್ಟಬೇಕಾಗಿಲ್ಲ; ಮನೆಯಿಂದಲೇ ಆರಂಭಿಸೋಣ. ಹಳೆಯ ಟ್ರಂಕಿನ ತಳದಲ್ಲಿ ಅಜ್ಜನದೋ ಮುತ್ತಜ್ಜನದೋ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಪಡೆದವರ ಹೆಸರು, ನಂಬರು ಮತ್ತು ದಳ ಕೆತ್ತಿರುತ್ತದೆ. ಬ್ರಿಟಿಷ್ ವಾರ್ ಮೆಡಲ್ ಸೈನಿಕರಿಗೆ ಬೆಳ್ಳಿಯಲ್ಲಿ ದೊರೆಯಿತು, ಕೂಲಿ ದಳಗಳವರಿಗೆ ಕಂಚಿನಲ್ಲಿ. ಆದುದರಿಂದ ಕಂಚಿನದೆಂದು ಕಡೆಗಣಿಸಬೇಡಿರಿ. ಯುದ್ಧದ ಹೊರೆ ಹೊತ್ತ ಅತಿ ಸಾಮಾನ್ಯನ ಗುರುತು ಅದೇ. ಬೆಳ್ಳಿಯದನ್ನು ಅಕ್ಕಸಾಲಿಗೆ ಕೊಟ್ಟು ಕರಗಿಸಿದರೆ ಒಂದು ಜೊತೆ ಕಾಲ್ಗೆಜ್ಜೆಗೂ ಸಾಲದು, ಒಂದು ಹೆಸರು ಮಾತ್ರ ಅಳಿಯುತ್ತದೆ. ಮಡಿದವರ ಮನೆಗಳಿಗೆ ಅಂಗೈಗಿಂತ ದೊಡ್ಡದಾದ ಒಂದು ಕಂಚಿನ ಬಿಲ್ಲೆಯೂ ಬರುತ್ತಿತ್ತು. ಅದರಲ್ಲಿ ಹೆಸರಷ್ಟೇ ಇದೆ, ಪದವಿಯಿಲ್ಲ. ಪ್ರಾಣ ಕೊಟ್ಟವರಲ್ಲಿ ಮೇಲುಕೀಳಿಲ್ಲವೆಂಬುದು ಅದರ ಆಶಯ. ಕಫನ್‌ನ ಬಿಳಿಬಟ್ಟೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪದಕವಿಲ್ಲದ ಮನೆಗಳಲ್ಲಿ ಪಿಂಚಣಿ ಪುಸ್ತಕ, ಒಂದು ಕಾಗದ, ಒಂದು ಮಾಸಿದ ಚಿತ್ರ ಇರಬಹುದು. ಅದೂ ಇಲ್ಲದಿದ್ದರೆ ಅಜ್ಜಿಯ ನೆನಪಿದೆ. ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಬಳಿ ಕೂರಿಸಿ ಮೂರು ಸಂಗತಿ ಬರೆಸಿರಿ: ಹೋದವರ ಹೆಸರೇನು, ಎಲ್ಲಿಗೆ ಹೋದರು, ಮನೆಯಲ್ಲಿ ಯಾರನ್ನು ಬಿಟ್ಟುಹೋದರು. ಮಸೀದಿಯ ಜಮಾಅತ್ ಒಂದು ದಫ್ತರ ಇಟ್ಟು ಈ ಹೆಸರುಗಳನ್ನು ಅದರಲ್ಲಿ ಸೇರಿಸಲಿ. ಅದರಲ್ಲಿ ಮಹಾಯುದ್ಧದವರ ಜೊತೆಗೆ ಸ್ವತಂತ್ರ ಭಾರತದ ಗಡಿಗಳಲ್ಲಿ ಮಡಿದವರೂ, ಯುದ್ಧ ನಡೆದ ಪರದೇಶಗಳಲ್ಲಿ ದುಡಿಯಲು ಹೋಗಿ ಸಿಕ್ಕಿಬಿದ್ದವರೂ ಇರಲಿ. ನೆರೆಯ ಹಿಂದೂ ಮನೆಯಿಂದ ಹೋಗಿ ಮಡಿದವನ ಹೆಸರನ್ನೂ ಬಿಡಬಾರದು. ಊರಿಗೆ ಅವನೂ ಮಗನೇ.

ಮುಖ್ಯವಾಗಿ, ಆ ದಫ್ತರದ ಪಕ್ಕದಲ್ಲಿ ಇನ್ನೊಂದು ಪುಟವಿರಲಿ. ಇಂದು ನಮ್ಮ ಊರಿನಲ್ಲಿ ದುಡಿಯುವವನನ್ನು ಕಳೆದುಕೊಂಡ ಮನೆ ಯಾವುದು, ಅಲ್ಲಿ ಶಾಲೆಯ ಶುಲ್ಕ ಕಟ್ಟಲಾರದ ಮಗು ಯಾವುದು, ಪಿಂಚಣಿಯ ಅರ್ಜಿ ತುಂಬಲಾರದ ವಿಧವೆ ಯಾರು? ಇದನ್ನು ಬರೆದು, ಬೈತುಲ್‌ಮಾಲ್‌ನಿಂದ ಆದಷ್ಟು ನೆರವು ನೀಡದಿದ್ದರೆ ಮೊದಲಿನ ಪಟ್ಟಿ ಬರಿಯ ಶಾಯಿಯಾಗಿ ಉಳಿಯುತ್ತದೆ.

ಮೈಸೂರಿನ ಸವಾರರು ಹಾದುಹೋದ ಅದೇ ಗಾಝಾದಲ್ಲಿ, ಬಾಂಬಿನ ಅಡಿಯಲ್ಲಿ ಬದುಕುತ್ತಿದ್ದ ತಾಯಿತಂದೆಯರು 2023ರಲ್ಲಿ ತಮ್ಮ ಮಕ್ಕಳ ಕೈಕಾಲುಗಳ ಮೇಲೆ ಅವರ ಹೆಸರುಗಳನ್ನು ಬರೆದರು. ಸತ್ತರೆ ಹೆಸರಿಲ್ಲದೆ ಮಣ್ಣಾಗಬಾರದೆಂಬುದೊಂದೇ ಅವರ ಬೇಡಿಕೆ. ಅಷ್ಟು ಕಷ್ಟದಲ್ಲಿರುವವರು ಹೆಸರಿಗೆ ಕೊಡುವ ಬೆಲೆಯನ್ನು, ನೆಮ್ಮದಿಯ ಮನೆಯಲ್ಲಿ ಕುಳಿತ ನಾವು ನಮ್ಮ ಹಿರಿಯರ ಹೆಸರಿಗೆ ಕೊಡದಿರುವುದು ಸರಿಯೇ?

ಬಲ್ಲವರು ಬದುಕಿರುವಾಗಲೇ ಬರೆದಿಡೋಣ. ಪರದೇಶದ ಮಣ್ಣಿನಲ್ಲಿ ಗುರುತಿಲ್ಲದೆ ಮಲಗಿರುವ ಎಲ್ಲರ ಮೇಲೆ ಅಲ್ಲಾಹನು ಕರುಣೆ ತೋರಲಿ, ಅವರ ಮನೆಗಳವರ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ನಮಗೆ ನೀಡಲಿ. ಆಮೀನ್.