ಬಾರದ ಏಳರ ಲೆಕ್ಕ

ಓ.ಸಿ. ಆಡುವವರ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ವಿಚಿತ್ರ ಬರವಣಿಗೆ ಕಾಣುವುದುಂಟು. ಪ್ರತಿ ದಿನಾಂಕದ ಮಗ್ಗುಲಲ್ಲಿ ಅಂದು ಬಂದ ಒಂಟಿ ಅಂಕೆ. 'ಹತ್ತು ದಿನವಾಯಿತು, ಏಳು ಬಂದಿಲ್ಲ. ಇನ್ನು ಬಂದೇ ತೀರಬೇಕು' ಎಂದು ಯಜಮಾನರು ಸಂತೆಯ ದುಡ್ಡನ್ನು ಏಳರ ಮೇಲೆ ಹೂಡುತ್ತಾರೆ. ಈ ಆಟವು ಕಾನೂನಿಗೆ ವಿರುದ್ಧವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅವರ ನಂಬಿಕೆಯು ಗಣಿತಕ್ಕೂ ವಿರುದ್ಧವೆಂಬುದನ್ನು ಮನೆಯ ಶಾಲಾ ಮಕ್ಕಳೇ ತೋರಿಸಬಲ್ಲರು.

ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳನ್ನು ಹತ್ತು ಚೀಟಿಗಳಲ್ಲಿ ಬರೆದು ಗಡಿಗೆಯಲ್ಲಿ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತಿದರೆ ಪ್ರತಿ ಅಂಕೆಗೂ ಹತ್ತರಲ್ಲಿ ಒಂದು ಪಾಲು ಅವಕಾಶ. ಇದನ್ನೇ ಸಂಭವನೀಯತೆ ಎನ್ನುವರು. (ಎಲ್ಲೆಯನ್ನೇ ಹೇಳದೆ 'ಯಾವುದಾದರೊಂದು ಪೂರ್ಣಾಂಕ' ಎಂದರೆ ಈ ಸಮಪಾಲು ನಿಲ್ಲದು. ಸಂಖ್ಯೆಗಳು ಅನಂತ, ಪ್ರತಿಯೊಂದಕ್ಕೂ ಎಷ್ಟೇ ಕಿರಿದಾದ ಪಾಲು ಕೊಟ್ಟರೂ ಮೊತ್ತವು ಒಂದನ್ನು ಮೀರಿಬಿಡುತ್ತದೆ.) ಎತ್ತಿದ ಚೀಟಿಯನ್ನು ಮರಳಿ ಹಾಕಿ ಕಲಕಿದ ಮೇಲೆ ಗಡಿಗೆಗೆ ನಿನ್ನೆಯ ನೆನಪಿರುವುದಿಲ್ಲ.

ಒಂದು ದಿನ ಏಳು ಬಾರದಿರುವ ಸಂಭವ ಹತ್ತರಲ್ಲಿ 9. ಎರಡು ದಿನ ಬಾರದಿರುವುದು ನೂರರಲ್ಲಿ 81. ಹೀಗೆಯೇ ಗುಣಿಸುತ್ತ ಹೋದರೆ, ಹತ್ತು ದಿನವೂ ಬಾರದಿರುವ ಸಂಭವ ನೂರಕ್ಕೆ ಸುಮಾರು 35. ಅಂದರೆ ಯಜಮಾನರು ಶಕುನವೆಂದು ಬಗೆದದ್ದು ಮೂರು ಸಲಕ್ಕೆ ಒಮ್ಮೆ ಆಗತಕ್ಕ ಸಾಮಾನ್ಯ ಸಂಗತಿ! ಇನ್ನೂ ಕೌತುಕದ ಮಾತಿದೆ. ಹತ್ತು ದಿನಗಳಲ್ಲಿ ಹತ್ತೂ ಅಂಕೆಗಳು ಒಂದೊಂದು ಸಲ ಬರುವ ಕ್ರಮಗಳು 36,28,800; ಒಟ್ಟು ಕ್ರಮಗಳಾದರೋ ಸಾವಿರ ಕೋಟಿ. ಲಕ್ಷಕ್ಕೆ 36 ಸಲ ಮಾತ್ರ ಹಾಗಾದೀತು. ಆದುದರಿಂದ ಯಾವ ಹತ್ತು ದಿನಗಳನ್ನು ನೋಡಿದರೂ 'ಬಾಕಿ ಉಳಿದ' ಅಂಕೆಯೊಂದು ಕ್ಯಾಲೆಂಡರಿನಲ್ಲಿ ಸಿಕ್ಕಿಯೇ ಸಿಗುತ್ತದೆ. ಹಲವರಲ್ಲಿ ಕೆಲವನ್ನು ಆರಿಸುವ ಬಗೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ನೃಪತುಂಗನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿಯೇ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾನೆ. ಎಣಿಕೆಯ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ.

'ಬಹಳ ದಿನಗಳಾದ ಮೇಲೆ ಎಲ್ಲ ಅಂಕೆಗಳೂ ಸಮವಾಗುತ್ತವಲ್ಲವೇ?' ಎಂದು ಕೇಳುವವರುಂಟು. ಪ್ರಶ್ನೆ ಜಾಣತನದ್ದೇ. ಆದರೆ ಸಮವಾಗುವುದು ಹಳೆಯ ಸಾಲ ತೀರಿಯಲ್ಲ. ಸಾವಿರ ದಿನಗಳಲ್ಲಿ ಏಳು ಸರಾಸರಿ 100 ಸಲ ಬರಬೇಕು. ಮೊದಲ ಹತ್ತು ದಿನ ಬಾರದಿದ್ದರೆ ಉಳಿದ 990 ದಿನಗಳಲ್ಲಿ ನಿರೀಕ್ಷಿಸಬೇಕಾದುದು 99 ಸಲ. ಕಳೆದುಹೋದ ಆ ಒಂದು ಸಲ ಮರಳಿ ಬರುವುದಿಲ್ಲ. ದೊಡ್ಡ ರಾಶಿಯಲ್ಲಿ ಅದರ ಕೊರತೆ ಕಾಣದಾಗುತ್ತದೆ, ಅಷ್ಟೆ.

ನಂಬರು ತೆಗೆಯುವವನಲ್ಲಿ ಮೋಸವಿಲ್ಲವೆಂದೇ ಇಟ್ಟುಕೊಳ್ಳೋಣ. ಗೆದ್ದ ರೂಪಾಯಿಗೆ ಅವನು ಒಂಬತ್ತು ಕೊಟ್ಟರೂ, ಹತ್ತೂ ಅಂಕೆಗಳ ಮೇಲೆ ಒಂದೊಂದು ರೂಪಾಯಿ ಹೂಡಿದವನು ಹತ್ತು ಕೊಟ್ಟು ಒಂಬತ್ತು ತರುತ್ತಾನೆ. ತಾಯಂದಿರು ಬಿಡುವಿನ ಸಂಜೆ ಮಕ್ಕಳ ಕೈಯಿಂದ ನೂರು ಸಲ ಚೀಟಿ ಎತ್ತಿಸಿ, ಬಂದ ಅಂಕೆಗಳನ್ನು ಅದೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಲಿ. ಯಜಮಾನರು ಹತ್ತಿರದಲ್ಲೇ ಕುಳಿತಿರಲಿ.