ಹುರುಪೊಂದೇ ಸಾಲದು

ಠಾಣೆ-ಬೇಲಾಪುರ ರಸ್ತೆಗೆ ಹೊಂದಿಕೊಂಡಿರುವ ಮಹಾಪೆಯು ಒಂದು ಕಾಲಕ್ಕೆ ಕಾರಖಾನೆಗಳ ವಸಾಹತೆಂದೇ ಹೆಸರಾಗಿತ್ತು. ಇಂದು ಅಲ್ಲಿ ಮಿಲೆನಿಯಮ್ ಬಿಸಿನೆಸ್ ಪಾರ್ಕಿನ ಕಟ್ಟಡಗಳೂ ಕಂಪ್ಯೂಟರ್ ಕಚೇರಿಗಳೂ ತಲೆಯೆತ್ತಿವೆ. ಕಚೇರಿಯೊಳಗೆ ಮೇಜಿನೆದುರು ಕುಳಿತ ತರುಣನಿಗೂ, ಅವನಿಗೆ ಚಹ ತಂದುಕೊಡುವ ನಮ್ಮೂರ ಹುಡುಗನಿಗೂ ವಯಸ್ಸಿನಲ್ಲಿ ಅಂತರವಿಲ್ಲ. ಅಂತರವಿರುವುದು ಕಲಿಕೆಯಲ್ಲಿ.

“ಈಗಿನ ಹುಡುಗರಲ್ಲಿ ಹುರುಪಿಲ್ಲ” ಎಂಬ ದೂರು ನಮ್ಮ ಹೋಟೆಲು ಮಾಲಕರಿಂದ ಆಗಾಗ ಕೇಳಿಬರುತ್ತದೆ. ಗಲ್ಲೆಯ ಮೇಲೆ ಕುಳಿತಿದ್ದಾಗ ನಾವೂ ಇದೇ ಮಾತನ್ನಾಡಿದ್ದೇವೆ. ಪರೀಕ್ಷೆಗೆಂದು ರಜೆ ಕೇಳಿದ ಹುಡುಗನೊಬ್ಬನಿಗೆ, ಗಿರಾಕಿಗಳ ಹೊತ್ತೆಂದು ಹೇಳಿ ಇಲ್ಲವೆಂದೆವು. ಅವನು ಮತ್ತೆ ಪುಸ್ತಕ ಮುಟ್ಟಲಿಲ್ಲ. ಹುರುಪು ಅವನಲ್ಲಿತ್ತು, ಬಿಡುವು ನಮ್ಮ ಕೈಯಲ್ಲಿತ್ತು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಷ್ಟು ಹಿಂದೆಯೇ ಉಚಿತ ರಾತ್ರಿ ಶಾಲೆಯನ್ನು ತೆರೆಯಿತು. ಇಂತಹ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ತಟ್ಟೆ ತೊಳೆದ ಕೈಗಳು ರಾತ್ರಿ ಬಳಪ ಹಿಡಿದವು. ಅಲ್ಲಿ ಕಲಿತವರು ಗುಮಾಸ್ತೆಗಳಾದರು, ವಕೀಲರಾದರು, ಸ್ವಂತ ಹೋಟೆಲನ್ನೂ ತೆರೆದರು. ಅವರ ಹುರುಪಿಗೆ ಶಾಲೆಯ ಆಸರೆಯೂ ಸಂಜೆಯ ಬಿಡುವೂ ದೊರೆತಿದ್ದವೆಂಬುದನ್ನು ಮರೆಯಲಾಗದು.

ಆದರೆ ಇಂದು ಪ್ರಮಾಣಪತ್ರವೊಂದೇ ಸಾಲದು. ಖಾತೆ ಪುಸ್ತಕ ಬರೆಯಬಲ್ಲ ಗುಮಾಸ್ತೆಯೂ ಕಂಪ್ಯೂಟರ್ ಅರಿಯದಿದ್ದರೆ ಹಿಂದೆ ಬೀಳುತ್ತಾನೆ. ಅಂತೆಯೇ ಕೈಗುಣವಿದ್ದ ಮಾತ್ರಕ್ಕೆ ಅಡಿಗೆಯವನಿಗೆ ಬಡ್ತಿ ಬಾರದು. ಲೆಕ್ಕ, ಭಾಷೆ, ಶುಚಿತ್ವದ ನಿಯಮಗಳ ಅರಿವೂ ಬೇಕು. 25 ಮಂದಿ ಆಹಾರ ಕೆಲಸಗಾರರಿಗೆ ತರಬೇತಿ ಪಡೆದ ಮೇಲ್ವಿಚಾರಕನೊಬ್ಬನಾದರೂ ಇರಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಕಟ್ಟಳೆ. ಆ ಸ್ಥಾನಕ್ಕೆ ಹೊರಗಿನವನನ್ನು ಹುಡುಕುವ ಬದಲು ನಮ್ಮ ಹುಡುಗನನ್ನೇ ಏಕೆ ಸಿದ್ಧಗೊಳಿಸಬಾರದು?

ಅರ್ಧಕ್ಕೆ ಶಾಲೆ ಬಿಟ್ಟವರಿಗೂ ದಾರಿ ಮುಚ್ಚಿಲ್ಲ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೆಯ ತರಗತಿಯ ವಿಷಯಗಳನ್ನು ಒಂದೊಂದಾಗಿ, ಐದು ವರ್ಷಗಳ ಅವಧಿಯಲ್ಲಿ ಮುಗಿಸಬಹುದು. ದುಡಿಯುವವನಿಗೆ ಇದು ಸಣ್ಣ ಅನುಕೂಲವಲ್ಲ.

ಆದುದರಿಂದ ಮಾಲಕ ಬಾಂಧವರಲ್ಲಿ ನಮ್ಮ ಅರಿಕೆಯಿಷ್ಟೆ: ಕಲಿಯಬಯಸುವ ಹುಡುಗನಿಗೆ ವಾರಕ್ಕೆ ಮೂರು ಸಂಜೆ ಬಿಡುವು ಕೊಡಿರಿ, ಅವನ ಸಂಬಳದಲ್ಲಿ ಮುರಿಯದಿರಿ. ತರುಣ ಮಿತ್ರರಲ್ಲಿಯೂ ಒಂದು ಮಾತು: ದೊರೆತ ಬಿಡುವು ಮೊಬೈಲಿನ ಪಾಲಾಗದಿರಲಿ. ಕಲಿತ ಹುಡುಗ ಕೆಲಸ ಬಿಟ್ಟು ಹೋದಾನೆಂಬ ಭಯ ಮಾಲಕರಿಗೆ ಸಹಜ. ಹೋದರೆ ಹೋಗಲಿ, ನಾವೂ ಒಂದು ದಿನ ಯಾರದೋ ಹೋಟೆಲು ಬಿಟ್ಟು ಬಂದವರೇ ಅಲ್ಲವೇ?